ಜೊತೆಗೆ ಹೋಗುತ್ತಿದ್ದ ಗಾರ್ಡಣ್ಣನವರು

ಮಾನ್ಯ ಸಂಪಾದಕರೇ,

ಅರಸೀಕೆರೆಯಲ್ಲಿ ಕಳೆದ ತಿಂಗಳು ತೀರಿಕೊಂಡ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಬಗ್ಗೆ ತಮ್ಮ ಓದುಗರ ಪತ್ರಗಳ ವಿಭಾಗದಲ್ಲಿ ಸ್ವಲ್ಪ ದೀರ್ಘವಾಗಿಯೇ ಬರೆಯಲು ಅವಕಾಶ ಕೋರುತ್ತೇನೆ. ಅವರ ಹೆಸರನ್ನು ಪತ್ರಿಕೆಗೆ ಹಾಕಿಸಬೇಡಿ ಎಂದು ಮನೆಯವರು ಕೇಳಿಕೊಂಡಿರುವುದರಿಂದ ಹೆಸರು ಬರೆಯುತ್ತಿಲ್ಲ. ಊರಿನಲ್ಲಿ ಅವರ ಹೆಸರು ಗೊತ್ತಿದ್ದವರೂ ಕಡಿಮೆಯೇ. ಕೊಬ್ಬರಿ ಮಂಡಿಯ ಹಮಾಲರಿಂದ ಹಿಡಿದು ಸರ್ಕಾರಿ ಆಸ್ಪತ್ರೆಯ ವೈದ್ಯರವರೆಗೆ ಎಲ್ಲರೂ ಅವರನ್ನು ಗಾರ್ಡಣ್ಣ ಎಂದೇ ಕರೆಯುತ್ತಿದ್ದರು. ನಿವೃತ್ತರಾದ ಮೇಲೆ ಇಪ್ಪತ್ತು ವರ್ಷಕ್ಕೆ ಹತ್ತಿರ ಅವರು ಮಾಡಿದ್ದು ಒಂದೇ ಕೆಲಸ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಲೇಬೇಕಾದ, ಆದರೆ ಅಲ್ಲಿ ಯಾರನ್ನು ಏನು ಕೇಳಬೇಕೆಂದು ತಿಳಿಯದ ಬಡ ರೋಗಿಗಳ ಜೊತೆ ತಾವೂ ರೈಲು ಹತ್ತಿ ಹೋಗಿ, ಚಿಕಿತ್ಸೆಗೆ ಒಂದು ದಾರಿ ಕಾಣುವವರೆಗೆ ಅಲ್ಲೇ ನಿಂತು ಬರುತ್ತಿದ್ದರು.

ಈ ಕೆಲಸ ನಮ್ಮ ಊರಿನಲ್ಲೇ ಹುಟ್ಟಿದ್ದಕ್ಕೆ ಕಾರಣವೂ ಇದೆ. ಅರಸೀಕೆರೆ ಜಂಕ್ಷನ್. ಹುಬ್ಬಳ್ಳಿ ಕಡೆಯಿಂದ ಬೀರೂರು, ಕಡೂರು ಹಾದು ಬರುವ ಮಾರ್ಗಕ್ಕೆ ಹಾಸನ, ಮೈಸೂರು ಕಡೆಯ ಮಾರ್ಗ ಕೂಡುವುದು ಇಲ್ಲಿಯೇ. 2017ರ ಮಾರ್ಚ್‌ನಲ್ಲಿ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲಿನ ನೇರ ಮಾರ್ಗ ತೆರೆಯುವ ತನಕ ಹಾಸನದವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕೆಂದರೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿಕೊಂಡು ಹೋಗಬೇಕಿತ್ತು. ಹೀಗಾಗಿ ರಾತ್ರಿ ಹೊತ್ತು ನಮ್ಮ ನಿಲ್ದಾಣದ ಕಲ್ಲುಬೆಂಚುಗಳ ಮೇಲೆ ಎರಡು ಮೂರು ಜಿಲ್ಲೆಗಳ ರೋಗಿಗಳು ರಗ್ಗು ಹೊದ್ದು ಮಲಗಿರುವುದು ಹೊಸ ನೋಟವೇನೂ ಆಗಿರಲಿಲ್ಲ. ಎಲ್ಲರೂ ನೋಡುತ್ತಿದ್ದೆವು. ಕಿದ್ವಾಯಿ, ನಿಮ್ಹಾನ್ಸ್, ಜಯದೇವ, ವಿಕ್ಟೋರಿಯಾ, ಮಿಂಟೊ ಎಂಬ ಹೆಸರುಗಳು ನಮ್ಮ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಅವುಗಳ ಒಳಗೆ ಕಾಲಿಟ್ಟ ಮೇಲೆ ಮುಂದೇನು ಎಂಬುದು ಬಹುತೇಕ ಯಾರಿಗೂ ಗೊತ್ತಿಲ್ಲ.

ಗಾರ್ಡಣ್ಣನವರು ಇದನ್ನು ನಮಗಿಂತ ಹತ್ತಿರದಿಂದ ನೋಡಿದ್ದರು. ರೈಲಿನ ಕಟ್ಟಕಡೆಯ ಬೋಗಿಯಲ್ಲಿ ಗಾರ್ಡ್ ಕೋಣೆಗೆ ತಗುಲಿಕೊಂಡೇ ಅಂಗವಿಕಲರ ಕಂಪಾರ್ಟ್‌ಮೆಂಟ್ ಇರುವುದು ರೈಲಿನಲ್ಲಿ ಓಡಾಡುವವರಿಗೆ ಗೊತ್ತಿರುತ್ತದೆ. ಅಲ್ಲಿ ಹತ್ತುವವರನ್ನು ಅವರು ಪ್ಯಾಸೆಂಜರ್ ಗಾಡಿಗಳಲ್ಲಿ ವರ್ಷಗಟ್ಟಲೆ ನೋಡಿದರು, ಮಾತನಾಡಿಸಿದರು. ಬೆಳಿಗ್ಗೆ ಹೋದವರು ಅದೇ ಸಂಜೆ ಮುಖ ಬಾಡಿಸಿಕೊಂಡು ವಾಪಸಾಗುವುದು, ಶಿಫಾರಸು ಪತ್ರ ಇಲ್ಲವೆಂದೋ, ಇವತ್ತು ಆ ವಿಭಾಗದ ಹೊರರೋಗಿ ದಿನವಲ್ಲವೆಂದೋ, ನಕಲು ಪ್ರತಿ ತಂದಿಲ್ಲವೆಂದೋ ತಿರುಗಿ ಕಳಿಸಿದರು ಎನ್ನುವುದು, ಹೀಗೆ ಎರಡು ಸಲ ಆದ ಮೇಲೆ ಮೂರನೇ ಸಲ ಅವರು ರೈಲಿಗೇ ಬಾರದಿರುವುದು, ಇದೆಲ್ಲ ಅವರ ಕಣ್ಣಿಗೆ ಬಿದ್ದಿತ್ತು. ಬಡವನಿಗೆ ದುಡ್ಡಿಲ್ಲದೆ ಚಿಕಿತ್ಸೆ ತಪ್ಪುವುದಕ್ಕಿಂತ ದಾರಿ ಗೊತ್ತಿಲ್ಲದೆ ತಪ್ಪುವುದೇ ಹೆಚ್ಚು ಎಂದು ಅವರು ಹೇಳುತ್ತಿದ್ದರು. ನಾನು ಅವರದೇ ಬೀದಿಯ ನಿವೃತ್ತ ಶಿಕ್ಷಕಿ. ಅವರು ಕರೆದೊಯ್ದ ಹಲವರನ್ನು ಹತ್ತಿರದಿಂದ ಬಲ್ಲವಳಾಗಿ ಆ ಮಾತು ನಿಜವೆಂದು ನನಗೂ ಮನವರಿಕೆಯಾಗಿದೆ.

ಹೊರಡುವ ಹಿಂದಿನ ಸಂಜೆ ರೋಗಿಯ ಕಡೆಯವರು ಅವರ ಮನೆಯ ಜಗಲಿಗೆ ಬರಬೇಕಿತ್ತು. ಅಲ್ಲಿ ಮೊದಲು ಕಾಗದಗಳ ಪರೀಕ್ಷೆ. ಪಡಿತರ ಚೀಟಿ, ಆಧಾರ್, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಶಿಫಾರಸು ಪತ್ರ, ಹಳೆಯ ಔಷಧ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ, ಜೆರಾಕ್ಸ್ ಪ್ರತಿಗಳನ್ನು ಬೇರೆ ಕವರಿಗೆ ಹಾಕಿ, ಮೂಲ ಪ್ರತಿಗಳನ್ನು ತಮ್ಮ ಕೈಚೀಲದ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರಿನ ಕೊನೆಯಲ್ಲಿ ಪಡಿತರ ಚೀಟಿಯಲ್ಲಿ ‘ಅಮ್ಮ’ ಇದ್ದು, ಆಧಾರ್‌ನಲ್ಲಿ ಅದು ಬಿಟ್ಟುಹೋಗಿರುವುದು ತೀರಾ ಸಾಮಾನ್ಯ. ಬೆಂಗಳೂರಿನ ಕೌಂಟರಿನಲ್ಲಿ ಅದೇ ದೊಡ್ಡ ತಕರಾರಾಗುತ್ತದೆ. ಅಂಥದ್ದೇನಾದರೂ ಕಂಡರೆ ಪ್ರಯಾಣವನ್ನು ಎರಡು ದಿನ ಮುಂದಕ್ಕೆ ಹಾಕಿ, ಮೊದಲು ಅದನ್ನು ಸರಿಪಡಿಸಿಕೊಂಡು ಬರಲು ಕಳಿಸುತ್ತಿದ್ದರು. ಎಕ್ಸ್‌ರೇ, ಸ್ಕ್ಯಾನ್ ಹಾಳೆಗಳು ಮಡಚಿಹೋಗಬಾರದೆಂದು ಅವರ ಹೆಂಡತಿ ಹಳೆಯ ದಿಂಬಿನ ಕವರುಗಳಿಗೆ ಗುಂಡಿ ಹೊಲಿದು ಇಟ್ಟಿರುತ್ತಿದ್ದರು. ಬೆಳಗಿನ ಬುತ್ತಿಗೆ ಅವಲಕ್ಕಿಯನ್ನೂ ಅವರೇ ಕಟ್ಟಿ ಕೊಡುತ್ತಿದ್ದರು. ಈ ಸೇವೆಯಲ್ಲಿ ಆ ತಾಯಿಯ ಪಾಲು ಎಷ್ಟೆಂದು ಶ್ರದ್ಧಾಂಜಲಿ ಸಭೆಯಲ್ಲಿ ಯಾರೂ ಹೇಳಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಒಬ್ಬರ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬಾಣಾವರದ ಕಡೆಯ ಒಂದು ಹಳ್ಳಿಯ ಹೆಂಗಸು, ಕೊಬ್ಬರಿ ಕೆಲಸದವರು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪೊಡೆದು ಉಂಡೆ ಕೊಬ್ಬರಿ ಬಿಡಿಸುವುದು ನಮ್ಮ ತಾಲ್ಲೂಕಿನ ಸಾವಿರಾರು ಹೆಣ್ಣಾಳುಗಳ ಅನ್ನ. ಎಲೆ, ಅಡಿಕೆ, ಹೊಗೆಸೊಪ್ಪು ಆ ಕೆಲಸದ ಜೊತೆಗೇ ಬೆಳೆದು ಬಂದ ಅಭ್ಯಾಸ. ಈಕೆಯ ಕೆನ್ನೆಯ ಒಳಗೆ ಒಂದು ಹುಣ್ಣಾಗಿತ್ತು. ನೋವಿಲ್ಲವೆಂದು ಆಕೆ ಸುಮ್ಮನಿದ್ದರು. ಮಂಡಿಯಲ್ಲಿ ಮಾತಿಗೆ ಸಿಕ್ಕ ಗಾರ್ಡಣ್ಣನವರು ಆಕೆ ಬಾಯಿ ಪೂರ್ತಿ ತೆರೆಯಲಾಗದೆ ಮಾತನಾಡುತ್ತಿರುವುದನ್ನು ಗಮನಿಸಿ, ಹುಣ್ಣು ಎಷ್ಟು ದಿನದಿಂದ ಇದೆ ಎಂದು ಕೇಳಿದರು. ಮೂರು ವಾರ ದಾಟಿಯೂ ಮಾಯದ ಬಾಯಿಹುಣ್ಣನ್ನು, ಅದು ನೋಯಲಿ ನೋಯದಿರಲಿ, ವೈದ್ಯರಿಗೆ ತೋರಿಸಲೇಬೇಕು ಎಂಬುದನ್ನು ಅವರು ಆಸ್ಪತ್ರೆಯ ಗೋಡೆಬರಹ ಓದಿ ಕಲಿತಿದ್ದರು. ಆಕೆ ಹೆದರಿ ಅಳತೊಡಗಿದಾಗ ಅವರು ಹೇಳಿದ ಮಾತನ್ನು ಈಗಲೂ ಆಕೆ ನೆನೆಯುತ್ತಾರೆ: “ನಿನ್ನ ಕಾಯಿಲೆ ನೀನು ಹೇಳು ತಾಯಿ, ಕಾಗದದ ಮಾತೆಲ್ಲ ನಾನು ಆಡ್ತೀನಿ.”

ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಶಿಫಾರಸು ಪತ್ರ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಆದರೆ ಇಂಥ ದೊಡ್ಡ ಚಿಕಿತ್ಸೆಗೆ, ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಆ ಒಂದು ಹಾಳೆ ಇಲ್ಲದೆ ನೇರವಾಗಿ ಬೆಂಗಳೂರಿಗೆ ಹೋದವರೇ ಬರಿಗೈಲಿ ಹಿಂತಿರುಗುತ್ತಿದ್ದರು. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ನೋಂದಣಿ, ಹುಣ್ಣಿನ ತುಣುಕಿನ ಪರೀಕ್ಷೆ, ಆಮೇಲೆ ವಿಕಿರಣ ಚಿಕಿತ್ಸೆ ಎಂದು ತೀರ್ಮಾನವಾಯಿತು. ವಿಕಿರಣ ಕೊಡುವ ಮೊದಲು ಹಲ್ಲುಗಳ ತಪಾಸಣೆ ಆಗಬೇಕು, ಹುಳುಕು ಹಲ್ಲಿದ್ದರೆ ಮೊದಲೇ ಕೀಳಿಸಬೇಕು ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ, ಗಾರ್ಡಣ್ಣನವರಿಗೆ ಗೊತ್ತಿತ್ತು. ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವ ಚಿಕಿತ್ಸೆ ಅದು. ಕೂಲಿ ಬಿಟ್ಟು ಅಷ್ಟು ದಿನ ಆ ಊರಿನಲ್ಲಿ ಇರುವುದು ಹೇಗೆ ಎಂಬ ಯೋಚನೆಯಲ್ಲಿಯೇ ಎಷ್ಟೋ ಜನ ಅರ್ಧಕ್ಕೆ ಬಿಟ್ಟು ಬರುತ್ತಾರೆ. ಆಕೆಯನ್ನು ಧರ್ಮಶಾಲೆಯಲ್ಲಿ ಉಳಿಸಿ, ಜೊತೆಗಿರಲು ಆಕೆಯ ತಂಗಿಯನ್ನು ಒಪ್ಪಿಸಿ, ತಂಗಿಯ ಮಕ್ಕಳನ್ನು ಊರಿನಲ್ಲಿ ಯಾರ ಮನೆಯಲ್ಲಿ ಬಿಡುವುದೆಂಬುದನ್ನೂ ಇತ್ಯರ್ಥ ಮಾಡಿ ಅವರು ಹಿಂತಿರುಗಿದರು. ಆ ಹೆಂಗಸು ಇಂದಿಗೂ ಬದುಕಿದ್ದಾರೆ. ಉಪ್ಪು ಖಾರ ತಿನ್ನಲಾಗುವುದಿಲ್ಲ, ಬಾಯಿ ಒಣಗುತ್ತದೆ. ಆದರೂ ಹೊಗೆಸೊಪ್ಪಿನ ಸಂಚಿ ಹಿಡಿದ ಕಿರಿಯರನ್ನು ಕಂಡರೆ ಕೆನ್ನೆ ತೋರಿಸಿ ಬೈಯುತ್ತಾರೆ.

ಎಲ್ಲರ ವಿಷಯದಲ್ಲಿಯೂ ಹೀಗಾಯಿತೆಂದು ನಾನು ಹೇಳುತ್ತಿಲ್ಲ. ತಡವಾಗಿ ಬಂದವರನ್ನು ಉಳಿಸಿಕೊಳ್ಳಲಾಗಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಒಂದು ಮೊಹರು ಇಲ್ಲವೆಂಬ ಕಾರಣಕ್ಕೆ ಇಡೀ ದಿನ ನಿಲ್ಲಿಸಿಕೊಂಡು, ಕೊನೆಗೆ ಮುಂದಿನ ವಾರ ಬನ್ನಿ ಎಂದು ಕಳಿಸಿದ ರೈತರೊಬ್ಬರು ಮತ್ತೆ ಹೋಗಲು ಒಪ್ಪಲೇ ಇಲ್ಲ. ಅವರ ಮನೆಗೆ ಗಾರ್ಡಣ್ಣನವರು ಹಲವು ಸಲ ನಡೆದರು. ಆ ರೈತರು ತೀರಿಕೊಂಡ ಮೇಲೂ ಆ ಮನೆಗೆ ಹೋಗುವುದನ್ನು ಬಿಡದೆ, ಅವರ ಹೆಂಡತಿಗೆ ವಿಧವಾ ವೇತನದ ಅರ್ಜಿಯನ್ನು ನಾಡಕಚೇರಿಯಲ್ಲಿ ತಾವೇ ನಿಂತು ಕೊಡಿಸಿದರು.

ದುಡ್ಡಿನ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಯಾರಿಂದಲೂ ಟಿಕೆಟ್ ಹಣ ಪಡೆಯುತ್ತಿರಲಿಲ್ಲ. ನಿವೃತ್ತ ನೌಕರರಿಗೆ ವರ್ಷಕ್ಕಿಷ್ಟೆಂದು ಸಿಗುವ ಪಾಸು ಬೇಗನೆ ಮುಗಿಯುತ್ತಿತ್ತು, ಆಮೇಲೆ ಪಿಂಚಣಿಯಿಂದಲೇ ಟಿಕೆಟ್. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತ ಮೇಲೆ ಅದೂ ಪೂರ್ಣ ದರದ್ದು. ಆದರೆ ರೋಗಿಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಒಂದು ರೂಪಾಯಿಯನ್ನೂ ಬಿಡಿಸಿಕೊಳ್ಳದೆ ಇರುತ್ತಿರಲಿಲ್ಲ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75ರಷ್ಟು ಇದೆ. ಅದಕ್ಕೆ ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಆ ನಮೂನೆಯ ಖಾಲಿ ಪ್ರತಿಗಳು ಅವರ ಚೀಲದಲ್ಲಿ ಯಾವಾಗಲೂ ಇರುತ್ತಿದ್ದವು. ಈ ರಿಯಾಯಿತಿ ಇದೆಯೆಂದೇ ತಿಳಿಯದೆ ಸಾಲ ಮಾಡಿ ಕಾರು ಬಾಡಿಗೆಗೆ ತೆಗೆದುಕೊಂಡು ಹೋಗುವ ಕುಟುಂಬಗಳು ಈಗಲೂ ನಮ್ಮ ಜಿಲ್ಲೆಯಲ್ಲಿ ಇವೆ.

ಅವರ ಕೆಲಸದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಮಾತ್ರ ಇನ್ನೊಂದು. ಬೆಂಗಳೂರಿಗೆ ಯಾರು ಹೋಗಬೇಕಾಗಿಲ್ಲ ಎಂಬುದನ್ನೂ ಅವರು ತಿಳಿದಿದ್ದರು. ನನ್ನ ತಮ್ಮನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ವರ್ಷಗಳ ಕಾಲ ಮಾತ್ರೆಗಾಗಿಯೇ ನಾವು ಬೆಂಗಳೂರಿಗೆ ಅಲೆಯುತ್ತಿದ್ದೆವು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯದಲ್ಲಿ ಮಾನಸಿಕ ಕಾಯಿಲೆಗಳಿಗೂ ಮೂರ್ಛೆರೋಗಕ್ಕೂ ವೈದ್ಯರು ನೋಡುತ್ತಾರೆ, ಔಷಧವೂ ಸಿಗುತ್ತದೆ ಎಂದು ತಿಳಿಸಿ, ದೊಡ್ಡಾಸ್ಪತ್ರೆಯ ವೈದ್ಯರಿಂದಲೇ ಇಲ್ಲಿಗೆ ಪತ್ರ ಬರೆಸಿಕೊಟ್ಟವರು ಅವರು. ಹಾಗೆಯೇ 2006ರಲ್ಲಿ ಹಾಸನದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ, ಅಲ್ಲಿ ಆಗುವ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಟವರನ್ನು ಜಗಲಿಯಲ್ಲಿಯೇ ತಡೆದು ಹಾಸನದ ರೈಲು ಹತ್ತಿಸುತ್ತಿದ್ದರು. ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಆಗುವ ಕೆಲಸಕ್ಕೆ ನೂರಾ ಅರವತ್ತು ಕಿಲೋಮೀಟರು ಯಾಕೆ ಹೋಗಬೇಕು ಎಂಬುದು ಅವರ ನೇರ ಪ್ರಶ್ನೆ.

ಲಾಕ್‌ಡೌನ್ ದಿನಗಳ ಬಗ್ಗೆ ಊರಿನವರಿಗೆಲ್ಲ ಗೊತ್ತಿದೆ. ರೈಲು ನಿಂತುಹೋಯಿತು, ವಯಸ್ಸಾದವರು ಹೊರಗೆ ಬರುವಂತಿರಲಿಲ್ಲ. ಸರಕು ಲಾರಿಗಳಿಗೆ ಅನುಮತಿ ಇತ್ತು. ಗಾರ್ಡಣ್ಣನವರು ಮನೆಯೊಳಗೆ ಕುಳಿತೇ ಫೋನಿನಲ್ಲಿ ರೋಗಿಗಳ ಔಷಧ ಚೀಟಿಗಳ ಪಟ್ಟಿ ಮಾಡಿ, ತೆಂಗಿನಕಾಯಿ ತುಂಬಿಕೊಂಡು ಬೆಂಗಳೂರಿಗೆ ಹೋಗುವ ಲಾರಿ ಚಾಲಕರ ಕೈಗೆ ಅದನ್ನು ತಲುಪಿಸಿ, ಅವರು ವಾಪಸ್ ತಂದ ಮಾತ್ರೆಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ ಹಳ್ಳಿಗಳಿಗೆ ಮುಟ್ಟಿಸಿದರು. ಆ ಚಾಲಕರೂ ಇದಕ್ಕೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ ಎಂಬುದು ದಾಖಲಾಗಬೇಕಾದ ಸಂಗತಿ.

ಇನ್ನು 2025ರ ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾಗಿ, ಎದೆಯಲ್ಲಿ ಒಂದು ಸಣ್ಣ ಚುಳುಕು ಬಂದವರೂ ಗಾಬರಿಯಿಂದ ಮೈಸೂರು, ಬೆಂಗಳೂರಿನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದು ಓದುಗರಿಗೆ ನೆನಪಿರಬಹುದು. ಅಷ್ಟು ಹೊತ್ತಿಗೆ ಅವರಿಗೇ ನಡೆದಾಡುವುದು ಕಷ್ಟವಾಗಿತ್ತು. ಆದರೂ ಬೆಳಿಗ್ಗೆ ಆಟೊದಲ್ಲಿ ಬಂದು ಸರ್ಕಾರಿ ಆಸ್ಪತ್ರೆಯ ಬಾಗಿಲ ಬಳಿ ಬೆಂಚಿನ ಮೇಲೆ ಕುಳಿತು, ಎದೆನೋವು ಬಂದವನು ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು, ನಾಲ್ಕು ತಾಸಿನ ದಾರಿಯಲ್ಲಿ ಪ್ರಾಣ ಕಳೆದುಕೊಳ್ಳಬಾರದು, ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವುದೇ ಇಂಥ ಹೊತ್ತಿಗಾಗಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ವೈದ್ಯರ ಮಾತು ಕೇಳದವರೂ ಅವರ ಮಾತು ಕೇಳಿದರು.

ಅವರ ಒಂದು ನಿಲುವನ್ನು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಟ್ರಸ್ಟ್ ಮಾಡಿ, ಸಂಘ ಮಾಡಿ, ನಾಲ್ಕು ಜನ ಹುಡುಗರನ್ನು ಸೇರಿಸಿಕೊಳ್ಳಿ ಎಂದು ಮಂಡಿಯ ವರ್ತಕರು ಎಷ್ಟೋ ಸಲ ಮುಂದೆ ಬಂದರೂ ಅವರು ಒಪ್ಪಲಿಲ್ಲ. ಸಂಘವಾದರೆ ಬ್ಯಾನರು ಬರುತ್ತದೆ, ರೋಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರು ಬರುತ್ತಾರೆ ಎಂಬ ಭಯ ಅವರಿಗೆ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಒಬ್ಬರ ಕಾಲಿನ ಬಲದ ಮೇಲೆ ನಿಂತ ಕೆಲಸ ಆ ಕಾಲು ಸೋತ ದಿನ ನಿಲ್ಲುತ್ತದೆ. ಕಳೆದ ಒಂದು ವರ್ಷದಲ್ಲಿ ನಾವು ಕಂಡಿದ್ದು ಅದನ್ನೇ. ಜಗಲಿಗೆ ಬಂದವರಿಗೆ ಅವರು ಕಾಗದ ಜೋಡಿಸಿಕೊಡುತ್ತಿದ್ದರು, ದಾರಿ ಹೇಳುತ್ತಿದ್ದರು. ಜೊತೆಗೆ ಹೋಗುವವರು ಇರಲಿಲ್ಲ. ಹಾಗೆ ಒಬ್ಬರೇ ಹೋದವರಲ್ಲಿ ಕೆಲವರು ಹಳೆಯ ಕಾಲದಂತೆಯೇ ಅದೇ ಸಂಜೆ ವಾಪಸು ಬಂದರು.

ಸಾಯುವಾಗಲೂ ಅವರು ತಮ್ಮ ಸಿದ್ಧತೆಯನ್ನು ಬಿಟ್ಟಿರಲಿಲ್ಲ. ಮರಣವಾದ ಆರು ಗಂಟೆಯೊಳಗೆ ನೇತ್ರದಾನಕ್ಕಾಗಿ ಕಣ್ಣು ಪಡೆಯಬೇಕು, ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೂ ಅಡ್ಡಿಯಿಲ್ಲ ಎಂದು ಹೆಂಡತಿಗೆ ಹೇಳಿಟ್ಟಿದ್ದರಂತೆ. ಆಕೆ ದುಃಖದ ನಡುವೆಯೇ ಫೋನು ಮಾಡಿಸಿ, ಫ್ಯಾನು ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು ತಂಡ ಬರುವವರೆಗೆ ಕಾದರು.

ಈಗ ಪತ್ರ ಬರೆಯಲು ಮುಖ್ಯ ಕಾರಣಕ್ಕೆ ಬರುತ್ತೇನೆ. ಶ್ರದ್ಧಾಂಜಲಿ ಸಭೆಯಲ್ಲಿ, ರೈಲು ನಿಲ್ದಾಣಕ್ಕೆ ಹೋಗುವ ರಸ್ತೆಗೆ ಅವರ ಹೆಸರಿಡಬೇಕೆಂದು ನಗರಸಭೆಗೆ ಮನವಿ ಕೊಡಲು ಮಾತಾಯಿತು. ಪ್ರೀತಿಯಿಂದ ಹೇಳಿದ ಮಾತು ಅದು, ವಿರೋಧಿಸುವ ಮನಸ್ಸು ನನಗಿಲ್ಲ. ಆದರೆ ರಸ್ತೆಯ ಫಲಕ ಯಾವ ರೋಗಿಗೂ ಶಿಫಾರಸು ಪತ್ರ ಎಲ್ಲಿ ಸಿಗುತ್ತದೆಂದು ಹೇಳುವುದಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಪಕ್ಕದಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಜೆರಾಕ್ಸ್ ಯಂತ್ರ ಇಡಲು ಜಾಗ ಕೊಟ್ಟರೆ ಸಾಕು. ಆಯುಷ್ಮಾನ್ ಯೋಜನೆಯ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರು ಇದ್ದಾರೆ, ಅವರ ಕೆಲಸಕ್ಕೆ ನಾನು ಕೃತಜ್ಞಳೇ. ಆದರೆ ಅವರು ಸಿಗುವುದು ಆಸ್ಪತ್ರೆ ತಲುಪಿದ ಮೇಲೆ. ಮನೆಯಿಂದ ಅವರ ಮೇಜಿನವರೆಗೆ ರೋಗಿಯನ್ನು ಕರೆದೊಯ್ಯುವವರು ಬೇಕಾಗಿದ್ದಾರೆ.

ಅದಕ್ಕೆ ಜನರೂ ಸಿಕ್ಕಿದ್ದಾರೆ. ಕೊನೆಯ ದಿನಗಳಲ್ಲಿ ಅವರನ್ನು ಆಸ್ಪತ್ರೆಗೆ ಕರೆತರುತ್ತಿದ್ದ ಆಟೊ ಚಾಲಕರು, ಹಿಂದೆ ಅವರೊಡನೆ ದುಡಿದ ಒಬ್ಬ ಆಶಾ ಕಾರ್ಯಕರ್ತೆ, ಅವರ ನೆರವಿನಿಂದ ಚಿಕಿತ್ಸೆ ಪಡೆದವರ ಮನೆಗಳ ಇಬ್ಬರು ಯುವಕರು ಸರದಿಯ ಮೇಲೆ ರೋಗಿಗಳ ಜೊತೆ ಹೋಗಲು ಒಪ್ಪಿದ್ದಾರೆ. ಕೊಬ್ಬರಿ ವರ್ತಕರಲ್ಲಿ ಕೆಲವರು ಅವರ ಟಿಕೆಟ್ ಖರ್ಚನ್ನು ಹೊರುತ್ತೇವೆಂದು ಹೇಳಿದ್ದಾರೆ. ಬ್ಯಾನರು ಇಲ್ಲದೆಯೇ, ಎಂದು ನಾನು ಕೇಳಿಕೊಂಡಿದ್ದೇನೆ. ಗಾರ್ಡಣ್ಣನವರ ಬೈಂಡ್ ಪುಸ್ತಕ ಈಗ ನನ್ನ ಬಳಿ ಇದೆ. ರೈಲಿನ ಗಾರ್ಡ್ ಪ್ರತಿ ನಿಲ್ದಾಣದ ಬಂದ ಹೊತ್ತು ಹೊರಟ ಹೊತ್ತು ಬರೆಯುವ ಶಿಸ್ತಿನಲ್ಲಿಯೇ ಅವರು ಯಾವ ಆಸ್ಪತ್ರೆಯಲ್ಲಿ ಯಾವ ವಿಭಾಗ ಯಾವ ದಿನ, ಚೀಟಿ ಎಷ್ಟು ಗಂಟೆಗೆ ಶುರು, ಮೆಜೆಸ್ಟಿಕ್‌ನಿಂದ ಯಾವ ಬಸ್ಸು, ಊಟ ಎಲ್ಲಿ, ರಾತ್ರಿ ಹೆಣ್ಣುಮಕ್ಕಳು ತಂಗಲು ಎಲ್ಲಿ ಭಯವಿಲ್ಲ ಎಂಬುದನ್ನೆಲ್ಲ ಅದರಲ್ಲಿ ಬರೆದಿದ್ದಾರೆ. ರೋಗಿಗಳ ಹೆಸರು, ಕಾಯಿಲೆ ಇರುವ ಪುಟಗಳನ್ನು ತೆಗೆದು, ಉಳಿದದ್ದನ್ನು ಈಗಿನ ಸಮಯ, ವಿವರಗಳಿಗೆ ತಾಳೆ ನೋಡಿ ತಿದ್ದಿಸುವ ಕೆಲಸ ನಡೆದಿದೆ. ಅದರ ಪ್ರತಿಗಳನ್ನು ನಮ್ಮ ಸಾರ್ವಜನಿಕ ಗ್ರಂಥಾಲಯದಲ್ಲಿ ಇಡಲು ಉದ್ದೇಶಿಸಿದ್ದೇವೆ.

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳು, ಜಿಲ್ಲಾ ಆರೋಗ್ಯ ಇಲಾಖೆ ಮತ್ತು ನಮ್ಮ ಶಾಸಕರು ಆ ಮೇಜಿಗೆ ಜಾಗ ಮಾಡಿಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ತಿಪಟೂರು, ಕಡೂರು, ಬೀರೂರು, ಹೊಳೆನರಸೀಪುರ, ಸಕಲೇಶಪುರಗಳಲ್ಲಿ ಇಂಥದೇ ಕೆಲಸ ಮಾಡುತ್ತಿರುವವರು ಇದ್ದರೆ, ತಾವು ಬಲ್ಲ ವಿವರಗಳನ್ನು ಇದೇ ಅಂಕಣಕ್ಕೆ ಬರೆದು ತಿಳಿಸಿದರೆ ಅವನ್ನೂ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಅರಸೀಕೆರೆ, ಹಾಸನ ಜಿಲ್ಲೆ